ಮಾತಾಡುವ ಬಾವಿ, ಮಾತಾಡುವ ಧಾನ್ಯ

ದಲಿತ ಸಾಹಿತ್ಯವೆಂದರೆ ವಾಸ್ತವದ ದಾಖಲೆ, ಫ್ಯಾಂಟಸಿಯೆಂದರೆ ಹೊಟ್ಟೆ ತುಂಬಿದವರ ವಿಹಾರ ಎಂಬ ಮಾತು ನಮ್ಮಲ್ಲಿ ಬಹುಕಾಲ ನಡೆದುಬಂದಿದೆ. 1973ರ ಬೂಸಾ ಪ್ರಕರಣದ ನಂತರ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡ ಮೇಲಂತೂ, ಕಂಡದ್ದನ್ನು ಕಂಡಂತೆ ಹೇಳುವುದೇ ಬದ್ಧತೆಯ ಗುರುತಾಯಿತು. ಅದು ಆ ಕಾಲದ ಅಗತ್ಯವೂ ಆಗಿತ್ತು. ಆದರೆ ಕಂಡದ್ದನ್ನು ಹೇಳಲು ಬಿಡದಿದ್ದ ಕಾಲದಲ್ಲಿ ನಮ್ಮ ಜನ ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಹಿಂದೆ ಸರಿಯಿತು. ನನ್ನ ಮಟ್ಟಿಗೆ ಫ್ಯಾಂಟಸಿಯ ಚರಿತ್ರೆ ಈ ಪ್ರಶ್ನೆಯಿಂದಲೇ ಶುರುವಾಗುತ್ತದೆ.

ನಾನು ಬ್ಯಾಡಗಿ ಸೀಮೆಯವನು. ಅವ್ವ, ಅಜ್ಜಿ ಇಬ್ಬರೂ ಮೆಣಸಿನಕಾಯಿ ತುಂಬು ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ ಅಂತಾರೆ. ದಿನವಿಡೀ ಅದರೊಳಗೆ ಕುಂತವರ ಕಣ್ಣಿಗೆ, ಕೈಗೆ ಆ ಮಾತು ಗೊತ್ತಿರಲಿಲ್ಲ. ರಾತ್ರಿ ಕೆಮ್ಮುತ್ತ ಅಜ್ಜಿ ಹೇಳುತ್ತಿದ್ದ ಒಂದು ಕಥೆಯಲ್ಲಿ ಊರಬಾವಿ ಮಾತಾಡುತ್ತಿತ್ತು. 'ನನ್ನ ಸೆಲಿ ಬಂದದ್ದು ಕೇರಿ ಬುಡದಿಂದ. ಅವರ ಕೊಡಕ್ಕ ಯಾಕ ನೀರಿಲ್ಲ?' ಎಂದು ಊರನ್ನು ಕೇಳುತ್ತಿತ್ತು. 'ಬಾವಿ ಹೆಂಗ ಮಾತಾಡ್ತೈತಬೇ?' ಅಂತ ನಾನು ಕೇಳಿದರೆ ಅಜ್ಜಿ, 'ನಾವು ಅಂದ್ರ ಬಡೀತಾರ. ಬಾವಿಗೆ ಯಾರು ಬಡೀತಾರಲೇ?' ಅನ್ನುತ್ತಿದ್ದಳು.

ತೊದೊರೊವ್ 1970ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ, ನಡೆದದ್ದು ನಿಜವೋ ಭ್ರಮೆಯೋ ಎಂಬ ಓದುಗನ ಅನುಮಾನದಲ್ಲೇ ಅದ್ಭುತ ಹುಟ್ಟುತ್ತದೆ ಎನ್ನುತ್ತಾನೆ. ನನ್ನ ಅಜ್ಜಿಗೆ ಆ ಅನುಮಾನವೇ ಇರಲಿಲ್ಲ. ಬಾವಿ ಮಾತಾಡುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅದರ ಬಾಯಲ್ಲಿ ಮಾತಾಡಿಸಿದಳು. ಅವಳ ಫ್ಯಾಂಟಸಿ ಏಟು ತಪ್ಪಿಸಿಕೊಂಡು ಸಾಕ್ಷಿ ನುಡಿಯುವ ಉಪಾಯ.

ಈ ಉಪಾಯಕ್ಕೆ ನಮ್ಮ ತಾಲ್ಲೂಕಿನಲ್ಲೇ ಹಳೆಯ ಸಾಕ್ಷಿಯೊಂದಿದೆ. ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನ ಊರು. ಅಲ್ಲಿಯ ಆದಿಕೇಶವನನ್ನು ಅಂಕಿತವಾಗಿಸಿಕೊಂಡ ಕುರುಬರ ಕನಕದಾಸ ಹದಿನಾರನೆಯ ಶತಮಾನದಲ್ಲಿ ಭಾಮಿನಿ ಷಟ್ಪದಿಯಲ್ಲಿ 'ರಾಮಧಾನ್ಯಚರಿತೆ' ಬರೆದ. ಇಲ್ಲಿ ವ್ರೀಹಿ ಅಂದರೆ ಭತ್ತ, ಮತ್ತು ನರೆದಲೆಗ ಅಂದರೆ ರಾಗಿ, ರಾಮನೆದುರು ಜಗಳಾಡುತ್ತವೆ. ಭತ್ತ ತಾನು ಮೇಲುಜಾತಿಯವರ, ಯಜ್ಞ ಮದುವೆಗಳ ಧಾನ್ಯವೆಂದು ಮೆರೆದು ರಾಗಿಯನ್ನು ಶೂದ್ರಾನ್ನವೆಂದು ಹಳಿಯುತ್ತದೆ. ರಾಗಿ ಸುಮ್ಮನಿರುವುದಿಲ್ಲ: ನೀನು ಬಲ್ಲಿದರ ಕಡೆಯವನು, ಮಳೆ ಹೋದಾಗ ಬಡವರ ಜೀವ ಉಳಿಸುವವನು ನಾನು ಎನ್ನುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಕಳೆಗುಂದುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಶೂದ್ರನೊಬ್ಬ ನೇರವಾಗಿ ಆಡಿದ್ದರೆ ಯಾವ ಸಭೆಯೂ ಕೇಳಿಸಿಕೊಳ್ಳದ ಮಾತನ್ನು ಕಾಳೊಂದು ರಾಜಸಭೆಯಲ್ಲೇ ಆಡಿತು.

ಇದನ್ನು ಕನಕನ ಬಗೆಗಿನ ಇನ್ನೊಂದು ಅದ್ಭುತದ ಜೊತೆಗಿಟ್ಟು ನೋಡಬೇಕು. ಉಡುಪಿಯಲ್ಲಿ ಒಳಗೆ ಬಿಡದ ಕನಕನಿಗಾಗಿ ಗೋಡೆ ಬಿರಿಯಿತು, ಕೃಷ್ಣ ಪಶ್ಚಿಮಕ್ಕೆ ತಿರುಗಿದ ಎಂಬುದು ಆ ಐತಿಹ್ಯ. ಅದರಲ್ಲಿ ಕಲ್ಲಿನ ದೇವರೇ ತಿರುಗುತ್ತಾನೆ, ಬಾಗಿಲು ಮಾತ್ರ ತೆರೆಯುವುದಿಲ್ಲ! ಯಜಮಾನ ಸಂಸ್ಕೃತಿ ಅದ್ಭುತವನ್ನು ಬಳಸುವುದು ಹೀಗೆ. ಕಿಂಡಿ ಕೊಟ್ಟು ಬಾಗಿಲು ಉಳಿಸಿಕೊಳ್ಳುತ್ತದೆ.

ಹಾಗಂತ ರಾಮಧಾನ್ಯಚರಿತೆಯನ್ನು ಕಣ್ಣುಮುಚ್ಚಿ ಹೊಗಳಲಾರೆ. ತಪ್ಪು ಮಾಡದ ರಾಗಿ ತನ್ನ ಯೋಗ್ಯತೆ ತೋರಿಸಲು ಸೆರೆಮನೆಗೆ ಹೋಗಬೇಕಾಯಿತು. ಬಾಳಿಕೆಯೇ ಅದರ ಗುಣವೆಂದು ತೀರ್ಮಾನವಾಯಿತು. ಗೆದ್ದ ಮೇಲೆ 'ನರೆದಲೆಗ' ಎಂಬ ಹೆಸರು ಹಿಂದಾಗಿ, ಒಡೆಯನ ಹೆಸರಾದ 'ರಾಘವ' ಬಂತು. ಎಷ್ಟು ನೋವು ತಡೀತೀರಿ ಅಂತ ನಮ್ಮನ್ನು ಅಳೆಯುವ, ಹೆಸರು ಬದಲಿಸಿಕೊಂಡು ಬಂದರೆ ಪಕ್ಕದಲ್ಲಿ ಕೂರಿಸುವ ಔದಾರ್ಯ ನಮಗೆ ಹೊಸದೇನಲ್ಲ.

ದೇವನೂರ ಮಹಾದೇವರ 'ಕುಸುಮಬಾಲೆ' (1984) ಈ ಕಟ್ಟನ್ನು ಮುರಿಯಿತು. ಅಲ್ಲಿ ದೀಪದ ಜೋತಮ್ಮಗಳು ರಾತ್ರಿ ಸೇರಿ ಮಾತಾಡುತ್ತವೆ, ಮಂಚವೂ ಮಾತಾಡುತ್ತದೆ. ಮೇಲುಜಾತಿಯ ಹೆಣ್ಣನ್ನು ಪ್ರೀತಿಸಿದ ಚೆನ್ನನ ಕೊಲೆ ಆ ಲೋಕದ ನಡುವೆಯೇ ಇದೆ. ಇದನ್ನು ಓದಿ ಮಾರ್ಕ್ವೆಜ್‌ನನ್ನು ನೆನೆದವರಿದ್ದಾರೆ. ಜೋತಮ್ಮಗಳನ್ನು ಹುಡುಕಲು ಲ್ಯಾಟಿನ್ ಅಮೆರಿಕಕ್ಕೆ ಯಾಕೆ ಹೋಗಬೇಕು? ದೀಪಗಳು ರಾತ್ರಿ ಕೂಡಿ ಮನೆಮನೆಯ ಸುದ್ದಿ ಹೇಳುವ ಕಥೆ ಕನ್ನಡದ ಅಜ್ಜಿಯರಿಗೆ ಗೊತ್ತಿದ್ದದ್ದೇ. ಮುಖ್ಯವಾದ ಮಾತೆಂದರೆ, ಇಲ್ಲಿ ತೀರ್ಪು ಕೊಡುವ ರಾಮನಿಲ್ಲ. ಜೋತಮ್ಮಗಳು ಯಾರ ಹೆಸರನ್ನೂ ಕಡ ಪಡೆಯುವುದಿಲ್ಲ.

ದಲಿತ ವಿಮರ್ಶೆ ಫ್ಯಾಂಟಸಿಯನ್ನು ಬಿಟ್ಟುಕೊಡಬಾರದು ಎಂದು ನಾನು ಹೇಳುವುದು ಇದಕ್ಕಾಗಿ. ಒಂದು ವಸ್ತು ಮಾತಾಡಿದಾಗ ಅದು ಸಾಧ್ಯವೋ ಇಲ್ಲವೋ ಎಂದು ಕೇಳುವ ಮೊದಲು, ಯಾರ ಬಾಯಿ ಕಟ್ಟಿದ್ದಕ್ಕೆ ಅದು ಮಾತಾಡಬೇಕಾಯಿತು, ತೀರ್ಪು ಯಾರ ಕೈಲಿ ಉಳಿಯಿತು ಎಂದು ಕೇಳಬೇಕು. ಅಜ್ಜಿ ಹೋಗಿ ಬಹಳ ವರ್ಷವಾಯಿತು. ಅವಳ ಕಥೆಯಲ್ಲಿ ಬಾವಿ ಕೇಳಿದ ಪ್ರಶ್ನೆಗೆ ಊರು ಉತ್ತರ ಕೊಟ್ಟದ್ದು ನನಗೆ ನೆನಪಿಲ್ಲ. ಪ್ರಾಯಶಃ ಅವಳು ಅಲ್ಲಿಗೇ ಕಥೆ ನಿಲ್ಲಿಸುತ್ತಿದ್ದಳು.