ಯಾರೂ ಇಲ್ಲದ ದ್ವೀಪ

ನಾನು ಸೈದಾಪುರದವನು. ಬೇಸಿಗೆಯಲ್ಲಿ ಕೊಡ ಹಿಡಿದು ನೀರಿಗೆ ಸರದಿ ನಿಂತು ಗೊತ್ತು, ನೀರೊಳಗೆ ಮುಖ ಹಾಕಿ ಮೀನು ನೋಡಿ ಗೊತ್ತಿರಲಿಲ್ಲ. ಆಫೀಸಿನ ಗೆಳೆಯರ ಜೊತೆ ನೇತ್ರಾಣಿಗೆ ಸ್ನಾರ್ಕೆಲಿಂಗ್‌ಗೆ ಹೊರಟಾಗ ಅವ್ವನಿಗೆ ಫೋನ್ ಮಾಡಿದೆ. ಅಕಿ ಕೇಳಿದ್ದು ಒಂದೇ: “ಅಲ್ಲಿ ಮಂದಿ ಅದಾರೇನು?”

“ಯಾರೂ ಇಲ್ಲವ್ವ, ಖಾಲಿ ದ್ವೀಪ” ಅಂದೆ.

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೋಣಿ ಪ್ರಯಾಣ. ಕಡಲ ನಡುವೆ ಕಡಿದಾದ ಬಂಡೆ, ತಲೆಯ ಮೇಲೆ ಹಸಿರು ಕಾಡು. ಲೈಫ್ ಜಾಕೆಟ್ ತೊಟ್ಟು ಇಳಿದೆ. ಮೊದಲು ಬರೀ ಉಪ್ಪುನೀರು ಕುಡಿದೆ. ಉಸಿರು ಹದಕ್ಕೆ ಬಂದಮೇಲೆ ನೋಡಿದರೆ, ಕೆಳಗೆ ಹವಳದ ನಡುವೆ ಬಣ್ಣಬಣ್ಣದ ಮೀನುಗಳ ಸಂತೆಯೇ ನೆರೆದಿತ್ತು.

ಮತ್ತೆ ದೋಣಿ ಹತ್ತಿದಾಗ ದೋಣಿಯವರು ಗುಡ್ಡದತ್ತ ಕೈ ತೋರಿಸಿದರು: “ಮೇಲೆ ಆಡುಗಳಿವೆ ಮಾರಾಯ್ರೆ, ಹರಕೆಯವು.” ಕಡಲಿಗಿಳಿಯುವವರು ಅಲ್ಲಿನ ದೇವರಿಗೆ ಹರಕೆ ಹೊತ್ತು ಆಡು ಬಿಟ್ಟುಬರುವುದು ಹಳೆಯ ಪದ್ಧತಿ.

ಊರಿಗೆ ಮರಳಿ ಓದಲು ಕೂತೆ. 1ನೇ ಶತಮಾನದಲ್ಲಿ ರೋಮಿನ ಪ್ಲಿನಿ, ಮುಜಿರಿಸ್ ಬಂದರಿಗೆ ಹೋಗುವವರು ‘ನಿಟ್ರಿಯಾಸ್’ ಎಂಬಲ್ಲಿನ ಕಡಲ್ಗಳ್ಳರ ಬಗ್ಗೆ ಎಚ್ಚರವಾಗಿರಿ ಎಂದು ಬರೆದಿದ್ದಾನೆ. ಅದು ನೇತ್ರಾಣಿಯೇ ಎನ್ನುವವರಿದ್ದಾರೆ, ಇಲ್ಲ, ನೇತ್ರಾವತಿಯ ದಡದ ಮಂಗಳೂರು ಎನ್ನುವವರೂ ಇದ್ದಾರೆ. ಇಂಗ್ಲಿಷರ ನಕಾಶೆಯಲ್ಲಿ ಇದು ‘ಪಿಜನ್ ಐಲ್ಯಾಂಡ್’ ಆಯಿತು, ಅಂದರೆ ಪಾರಿವಾಳದ ದ್ವೀಪ. ಸ್ವಾತಂತ್ರ್ಯಾನಂತರ ನಮ್ಮ ನೌಕಾಪಡೆ ಇದನ್ನು ಗುರಿ ಅಭ್ಯಾಸಕ್ಕೆ ಬಳಸಿತು. ಬಂಡೆಗಳ ಮಧ್ಯೆ ಶೆಲ್‌ಗಳು ಸಿಕ್ಕಿವೆ. ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವ ಜಾಗವಿದು ಎಂದು ಪಕ್ಷಿತಜ್ಞರು ತಕರಾರು ಎತ್ತಿದರು.

ಗುಂಡು ಹಾರಿಸೋಕೆ ಇದೇ ಯಾಕೆ? ಯಾರೂ ಇಲ್ಲವಲ್ಲ, ಅದಕ್ಕೆ. ಓದುತ್ತಾ ಇಲ್ಲಿಗೆ ಬಂದಾಗ ನಾಚಿಕೆಯಾಯಿತು. ಅವ್ವನಿಗೆ ನಾನೂ ಇದನ್ನೇ ಹೇಳಿದ್ದೆ. ನಮ್ಮೂರ ಕಡೆಯ ಹೊಲಗಳು ಕೈಗಾರಿಕಾ ಪ್ರದೇಶಕ್ಕೆ ಹೋದಾಗ ಬೆಂಗಳೂರಿನ ಗೆಳೆಯನೊಬ್ಬ “ಬಿಡೋ, ಅಲ್ಲೇನಿದೆ, ಬರಡು ನೆಲ” ಅಂದಿದ್ದ. ತೊಗರಿ, ಹತ್ತಿ ಬೆಳೆದ ನೆಲ ಅದು. ಅವನೊಂದಿಗೆ ಆಗ ಜಗಳವಾಡಿದ್ದೆ.

ಈಗ ವಾರಾಂತ್ಯಕ್ಕೆ ಗುರಿ ಇಟ್ಟು ನೇತ್ರಾಣಿಗೆ ಹೋಗುತ್ತಿರುವವರು ನಾವು. ಹವಳದ ಮೇಲೆ ಕಾಲಿಟ್ಟರೆ ಮುರಿಯುತ್ತದೆ, ಮತ್ತೆ ಬೆಳೆಯಲು ವರ್ಷಗಳೇ ಬೇಕು. ಹೋಗಬೇಡಿ ಅನ್ನಲ್ಲ. ತೇಲಿಕೊಂಡೇ ನೋಡಿ, ಕಾಲೂರಬೇಡಿ.

ಅವ್ವನಿಗೆ ಮತ್ತೆ ಫೋನ್ ಮಾಡಿದೆ. ಆಡು ಅದಾವ, ಹದ್ದು ಅದಾವ, ದೇವರೂ ಅದಾನ ಅಂತ ಹೇಳಿದೆ.

“ಮತ್ತ ಖಾಲಿ ಅಂತ ಯಾಕ ಅಂದಿ?” ಅಂದಳು.