ಫಕೀರಪ್ಪ

ಉತ್ತರ ಕರ್ನಾಟಕದ ಹಿಂದೂ ಮನೆಗಳಲ್ಲಿ ಫಕೀರಪ್ಪ, ಫಕೀರಗೌಡ, ಫಕೀರವ್ವ ಎಂಬ ಹೆಸರುಗಳು ಹಳೆಯವು. ಅದೇ ಓಣಿಯ ಮುಸ್ಲಿಂ ಮನೆಯಲ್ಲಿ ಫಕೀರಸಾಬ ಇರುತ್ತಾನೆ. ಹೆಸರಿನ ತಲೆ ಒಂದೇ. ಯಾವ ಮನೆಯವರೆಂದು ತಿಳಿಯುವುದು ಕೊನೆಯ ಅಪ್ಪ, ಅವ್ವ, ಸಾಬಗಳಿಂದ. ಇಂಥ ಜೋಡಿಗಳು ಇನ್ನೂ ಇವೆ. ನವಲಗುಂದ ತಾಲ್ಲೂಕಿನ ಯಮನೂರಿನ ಸಂತನನ್ನು ಹಿಂದೂಗಳು ಚಾಂಗದೇವನೆಂದೂ ಮುಸ್ಲಿಮರು ರಾಜಾಬಾಗಸವಾರನೆಂದೂ ಕರೆಯುತ್ತಾರೆ. ಅಲ್ಲಿಗೆ ಹರಕೆ ಹೊತ್ತು ಪಡೆದ ಮಗು ಒಂದು ಮನೆಯಲ್ಲಿ ಯಮನೂರಪ್ಪ, ಇನ್ನೊಂದರಲ್ಲಿ ಯಮನೂರಸಾಬ. ಮುದಗಲ್ಲಿನ ಮೊಹರಂಗೆ ನಡೆದುಕೊಳ್ಳುವ ಸೀಮೆಯಲ್ಲಿ ಹುಸೇನಪ್ಪ, ಹುಸೇನಮ್ಮ ಎಂಬವರು ಹಿಂದೂಗಳೇ.

ಫಕೀರಪ್ಪ ಎಂಬ ಹೆಸರಿಗೆ ಗದಗ ಜಿಲ್ಲೆಯ ಶಿರಹಟ್ಟಿಯ ಫಕೀರೇಶ್ವರ ಮಠದ ಕಡೆ ಬೆರಳು ತೋರಿಸುವುದುಂಟು. ಎರಡೂ ಸಮುದಾಯದವರು ನಡೆದುಕೊಳ್ಳುವ ಮಠ ಅದು. ಮೊಹರಂನಲ್ಲಿ ಹರಕೆ ಹೊತ್ತವರು ಕೊರಳಿಗೆ ದಾರ ಹಾಕಿಕೊಂಡು ಕೆಲವು ದಿನ ಫಕೀರರಾಗುವ ವಾಡಿಕೆಯೂ ಇದೆ. ಇವೆರಡೂ ನಿಜ. ಆದರೆ ಈ ಹೆಸರು ಇಷ್ಟು ಆಳಕ್ಕೆ ಬೇರೂರಲು ಅಷ್ಟೇ ಸಾಲದು. ಅದಕ್ಕೆ ಮೊದಲೇ ಹದವಾದ ನೆಲವೊಂದು ಇಲ್ಲಿತ್ತು.

ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೀರಿಕೊಂಡಾಗ, ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪವ್ವ ಎಂದು ಕರೆಯುತ್ತಿದ್ದರು. ಯಾರಿಗೂ ಬೇಡವಾದದ್ದರ ಮೇಲೆ ಸಾವಿನ ಕಣ್ಣೂ ಬೀಳದೆಂಬ ನಂಬಿಕೆ. ಉರ್ದು ಆಡುವ ಉತ್ತರ ಭಾರತದ ಸೀಮೆಗಳ ಘಸೀಟಾ, ಅಂದರೆ ನೆಲದ ಮೇಲೆ ಎಳೆದಾಡಿದವನು, ಇದೇ ಅಂಜಿಕೆಯಿಂದ ಹುಟ್ಟಿದ ಹೆಸರು. ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬ ಗಾದೆ ಮನೆಗಿಂತ ದೊಡ್ಡದಾದ ಹೆಸರನ್ನು ಕಂಡು ನಗುತ್ತದೆ. ಫಕೀರಪ್ಪನದು ಅದರ ತಿರುವು. ಹಗೇವು ತುಂಬ ಜೋಳ, ಕೊಟ್ಟಿಗೆ ತುಂಬ ಎತ್ತು ಇದ್ದ ಮನೆಯವರೂ ಮಗನಿಗೆ ಬೇಡಿ ತಿನ್ನುವವನ ಹೆಸರಿಟ್ಟರು. ಮನೆಯಲ್ಲಿ ಇದ್ದದ್ದನ್ನು ಹೆಸರಿನಲ್ಲಿ ಮುಚ್ಚಿಡುವುದು ಕೂಸನ್ನು ಉಳಿಸಿಕೊಳ್ಳುವ ಉಪಾಯ. ಸೂಫಿಗಳಲ್ಲಿ ಫಕೀರನೆಂದರೆ ದೇವರ ಮುಂದೆ ತನ್ನದೆಂಬುದು ಏನೂ ಇಲ್ಲದವನು. ತಿಪ್ಪಣ್ಣನನ್ನು ಬಲ್ಲ ನೆಲಕ್ಕೆ ಈ ಅರ್ಥ ಪರಕೀಯವೆನಿಸಲಿಲ್ಲ. ಪದ ಬಂದ ಕೂಡಲೇ ಅಪ್ಪನನ್ನು ಸೇರಿಸಿ ತನ್ನದಾಗಿಸಿಕೊಂಡಿತು.

ಈ ಭಾಗದ ಪೂರ್ಣ ಹೆಸರಿನಲ್ಲಿ ಮೊದಲು ತನ್ನ ಹೆಸರು, ನಡುವೆ ತಂದೆಯದು, ಕೊನೆಗೆ ಅಡ್ಡಹೆಸರು. ಮುಲ್ಲಾ, ಹಿರೇಮಠಗಳಿಂದ ಸಮುದಾಯ ತಿಳಿಯುತ್ತದೆ. ಪಾಟೀಲ, ದೇಸಾಯಿಗಳಿಂದ ತಿಳಿಯದು, ಅವು ಎರಡೂ ಕಡೆ ಇವೆ. ಇಂದಿನ ಅರ್ಜಿಗಳ ‘ಫಸ್ಟ್ ನೇಮ್, ಲಾಸ್ಟ್ ನೇಮ್’ ಖಾನೆಗಳಿಗೆ ಈ ನಯ ಬೇಕಿಲ್ಲ. ಅಬ್ದುಲ್ ಖಾದರನನ್ನು ಸೀಳಿ ಬರೀ ‘ಅಬ್ದುಲ್’ ಎಂದು ಕೂಗುವುದು ಆ ಖಾನೆಗಳು ಕಲಿಸಿದ ಪಾಠ. ‘ಅಬ್ದುಲ್’ ಎಂಬುದು ಇಂಥವನ ದಾಸ ಎಂಬ ಮಾತಿನ ಅರ್ಧ ಮಾತ್ರ. ಯಾರ ದಾಸನೆಂಬ ದೇವರ ಹೆಸರೇ ಅಲ್ಲಿ ಬಿದ್ದುಹೋಗುತ್ತದೆ. ‘ಫಕೀರ್’ ಎಂದಷ್ಟೇ ಕರೆದು, ಅಷ್ಟರಿಂದಲೇ ಧರ್ಮ ತೀರ್ಮಾನಿಸುವುದೂ ಅಂಥದೇ ಒರಟುತನ.

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಇರುವಲ್ಲಿ ಫಕೀರಪ್ಪ ಇನ್ನೂ ಹುಟ್ಟುತ್ತಾನೆ. ಶಾಲೆಯ ಹಾಜರಿಗೆ ಫಕೀರೇಶ ಎಂದು ತಿದ್ದಿ ಬರೆಸುವವರೂ ಇದ್ದಾರೆ. ಮನೆಯೊಳಗೆ ಅವನನ್ನು ಕೂಗುವುದು ಫಕೀರಪ್ಪ ಎಂದೇ.