ಮಿಲಿಗ್ರಾಂ ಪೈಪೋಟಿಯಲ್ಲಿ ಮರೆತುಹೋದ ಕಾಲಂ

ಭಾರಲೋಹ ಹಿಡಿಯುವ ಅಧಿಶೋಷಕಗಳ ಬಗ್ಗೆ ಈಗ ಬರುತ್ತಿರುವ ಪ್ರಬಂಧಗಳು ಹೆಚ್ಚಾಗಿ ಒಂದೇ ಅಂಕಿಯ ಸುತ್ತ ಗಿರಕಿ ಹೊಡೆಯುತ್ತವೆ: ಒಂದು ಗ್ರಾಂ ವಸ್ತು ಎಷ್ಟು ಮಿಲಿಗ್ರಾಂ ಲೋಹ ಹಿಡಿಯಿತು? ಗ್ರಾಫೀನ್ ಆಕ್ಸೈಡೋ ಮತ್ತೊಂದೋ ಹಳೆಯ ಅಂಕಿಯನ್ನು ದಾಟಿತೆಂದರೆ ಕ್ಷೇತ್ರವೇ ಮುಂದೆ ಸಾಗಿತೆಂದು ಲೆಕ್ಕ.

ಇದ್ದಿಲು ದ್ರಾವಣದ ಬಣ್ಣ ತೆಗೆಯುತ್ತದೆಂದು ರಸಾಯನವಿಜ್ಞಾನಿ ಲೋವಿಟ್ಸ್ 1785ರಲ್ಲೇ ಕಂಡಿದ್ದ. ಇಂದು ಎಲ್ಲರೂ ಕಣ್ಣುಮುಚ್ಚಿ ಬಳಸುವ ಲ್ಯಾಂಗ್ಮ್ಯೂರ್ ಸಮೀಕರಣ ಹುಟ್ಟಿದ್ದು ಗಾಜು, ಅಭ್ರಕ, ಪ್ಲಾಟಿನಂ ಮೇಲೆ ಕೂರುವ ಅನಿಲಗಳಿಗಾಗಿ. ಶೇಂಗಾ ಸಿಪ್ಪೆಗೆ ಹೊಂದಿಸುವಾಗ ಅದು ಯಾರಿಗೂ ನೆನಪಾಗುವುದಿಲ್ಲ. ಕಾಲಂ, ಅಂದರೆ ವಸ್ತು ತುಂಬಿ ನೀರು ಹರಿಸುವ ಕೊಳವೆ; ಅದರ ಲೆಕ್ಕಕ್ಕೆ ಅಡಿಪಾಯವಾದ ಬೋಹಾರ್ಟ್–ಆಡಮ್ಸ್ ಸಮೀಕರಣ 1920ರದು, ಇದ್ದಿಲು ಕ್ಲೋರಿನ್ ಹಿಡಿಯುವ ಅಧ್ಯಯನದ ಫಲ. ಮುಂದೆ ಜಪಾನಿನ ಮಿನಮಾಟದ ಪಾದರಸ, ಜಿಂಝು ನದಿಯ ಕ್ಯಾಡ್ಮಿಯಂ ಜಗತ್ತನ್ನು ಬೆಚ್ಚಿಬೀಳಿಸಿದ ಮೇಲೆ ಗಮನ ನೀರಿನಲ್ಲಿರುವ ಭಾರಲೋಹಗಳತ್ತ ಹೊರಳಿತು.

ನಮ್ಮ ತಲೆಮಾರಿಗೆ ದಾರಿ ತೋರಿಸಿದ್ದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಬೊಹುಮಿಲ್ ವೊಲೆಸ್ಕಿ. ಕಂದು ಕಡಲಪಾಚಿಯಲ್ಲಿರುವ ಆಲ್ಜಿನೇಟ್ ತನ್ನ ಕ್ಯಾಲ್ಸಿಯಂ ಬಿಟ್ಟುಕೊಟ್ಟು ಸೀಸ, ಕ್ಯಾಡ್ಮಿಯಂ ಹಿಡಿಯುತ್ತದೆ. ಅಂದರೆ ನಾವು ಹೀರಿಕೆ ಎಂದದ್ದರಲ್ಲಿ ಬಹುಪಾಲು ಅಯಾನು ವಿನಿಮಯ. ಆಮ್ಲದಲ್ಲಿ ತೊಳೆದರೆ ಲೋಹ ಬಿಡುತ್ತದೆ, ಪಾಚಿ ಮತ್ತೆ ಕೆಲಸಕ್ಕೆ ಸಿದ್ಧ. ವೊಲೆಸ್ಕಿಯವರ ಗುಂಪು ಕಾಲಂ ಕಟ್ಟಿ ನೀರು ಹರಿಸಿಯೂ ನೋಡಿತು. ನಮ್ಮಲ್ಲಿ ಭತ್ತದ ಹೊಟ್ಟು, ತೆಂಗಿನ ಚಿಪ್ಪು, ಕಾಫಿ ಸಿಪ್ಪೆ, ಅಡಿಕೆ ಸಿಪ್ಪೆ ಎಲ್ಲವೂ ಫ್ಲಾಸ್ಕಿಗೆ ಬಿದ್ದವು. ಕಾಲಂ ತಲುಪಿದ್ದು ಕೆಲವು ಮಾತ್ರ.

ಕ್ರೋಮಿಯಂ ವಿಷಯದಲ್ಲಂತೂ ಎಡವಟ್ಟು ದೊಡ್ಡದು. ಬೆಂಗಳೂರಿನ ಪೀಣ್ಯದಲ್ಲಿ ಅಂತರ್ಜಲದವರೆಗೆ ಇಳಿದಿರುವುದು ಆರು-ವೇಲೆನ್ಸಿಯ ಕ್ರೋಮಿಯಂ. ಪಿಎಚ್ 2ರಲ್ಲಿ ಹೊಟ್ಟಿನ ಜೊತೆ ಕಲಕಿದರೆ ಹಳದಿ ಬಣ್ಣ ಮಾಯವಾಗುತ್ತದೆ. ಡೈಫೀನೈಲ್ ಕಾರ್ಬಜೈಡ್ ಹಾಕಿದರೆ ನೇರಳೆ ಬಣ್ಣ ಬರುವುದಿಲ್ಲ. ಶೇಕಡ ನೂರು ತೆಗೆದೆವು ಎಂದು ಬರೆದುಬಿಡುತ್ತಾರೆ. ಆದರೆ ಹೊಟ್ಟಿನ ಸಾವಯವ ಅಂಶ ಕ್ರೋಮಿಯಂನ ಒಂದು ಪಾಲನ್ನು ಮೂರು-ವೇಲೆನ್ಸಿಗೆ ಅಪಕರ್ಷಿಸಿ ನೀರಿಗೇ ಬಿಟ್ಟಿರುತ್ತದೆ. ಆ ಪರೀಕ್ಷೆಗೆ ಅದು ಕಾಣುವುದೇ ಇಲ್ಲ. ಒಟ್ಟು ಕ್ರೋಮಿಯಂ ಅಳೆದ ಪ್ರಬಂಧಗಳನ್ನಷ್ಟೇ ನಾನು ನಂಬುತ್ತೇನೆ. ನಮ್ಮ ಕಾನೂನೂ ಎರಡನ್ನು ಬೇರೆಯಾಗಿಯೇ ನೋಡುತ್ತದೆ: ಹೊಳೆ-ಕೆರೆಗೆ ಬಿಡುವ ನೀರಿನಲ್ಲಿ ಲೀಟರಿಗೆ ಆರು-ವೇಲೆನ್ಸಿಯದು 0.1 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ ಮೀರುವಂತಿಲ್ಲ.

ವೇಗದ ಲೆಕ್ಕಕ್ಕೆ ಹೋ ಮತ್ತು ಮೆಕೇ ಜನಪ್ರಿಯಗೊಳಿಸಿದ ಹುಸಿ-ದ್ವಿತೀಯ ಕ್ರಮದ ಮಾದರಿಯದೂ ಇದೇ ಕಥೆ. ಕಾಲವನ್ನು ಹೀರಿಕೆಯಿಂದ ಭಾಗಿಸಿ ಕಾಲದ ಎದುರೇ ಗೆರೆ ಎಳೆದರೆ, ಸಮತೋಲನದ ಸಮೀಪ ಅದು ನೇರವಾಗದೆ ಇನ್ನೇನಾದೀತು? ಅದನ್ನೇ ರಾಸಾಯನಿಕ ಬಂಧಕ್ಕೆ ಸಾಕ್ಷಿ ಎನ್ನುತ್ತಾರೆ.

ನ್ಯಾನೋ ಪುಡಿಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪುಡಿಯನ್ನೇ ಕಾಲಂಗೆ ತುಂಬಿದರೆ ನೀರು ಇಳಿಯುವುದಿಲ್ಲ. ಗುಳಿಗೆ ಕಟ್ಟಬೇಕು, ಕಟ್ಟಿದೊಡನೆ ಆ ದೊಡ್ಡ ಅಂಕಿ ಕುಗ್ಗುತ್ತದೆ. ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡ ಕುಡಿಯುವ ನೀರಿನ ಆರ್ಸೆನಿಕ್‌ಗಾಗಿ ಕಬ್ಬಿಣ ಮತ್ತು ಕೈಟೋಸಾನ್ ಬೆಸೆದ ಹರಳುಗಳನ್ನು ಊರುಗಳಿಗೆ ಮುಟ್ಟಿಸಿದ್ದು ಈ ತಾಪತ್ರಯವನ್ನು ಎದುರಿಸಿಯೇ. ಕಾರ್ಖಾನೆಯ ನೀರು ಇನ್ನೂ ಕಷ್ಟದ್ದು: ಪ್ಲೇಟಿಂಗ್ ತೊಳೆನೀರಿನಲ್ಲಿ ನಿಕ್ಕಲ್, ಸತು, ಸಯನೈಡ್, ಸೋಪು ಎಲ್ಲ ಬೆರೆತು ಬರಬಹುದು. ಪ್ರಯೋಗಾಲಯದ ದ್ರಾವಣದಲ್ಲಿ ಇರುವುದು ಒಂದೇ ಲವಣ.

ಸಣ್ಣ ಪ್ಲೇಟಿಂಗ್ ಶೆಡ್ಡಿನ ಮಾಲೀಕನಿಗೆ ಬೇಕಾದ ಲೆಕ್ಕ ಬೇರೆ: ಒಂದು ಡ್ರಮ್ ಎಷ್ಟು ದಿನ ಬರುತ್ತದೆ, ಎಷ್ಟು ಸಲ ತೊಳೆಯಬಹುದು, ತೊಳೆದ ಆಮ್ಲ ಎಲ್ಲಿಗೆ, ಲೋಹ ತುಂಬಿದ ಹೊಟ್ಟನ್ನು ಅಪಾಯಕಾರಿ ತ್ಯಾಜ್ಯವೆಂದು ಸಾಗಿಸುವ ಖರ್ಚು ಯಾರದು. ನಮ್ಮ ಪಿಎಚ್‌ಡಿ ಪ್ರಬಂಧಗಳಲ್ಲಿ ಇದಕ್ಕೆಲ್ಲ ಸಿಗುವುದು ‘ಮುಂದಿನ ಕೆಲಸ’ ಎಂಬ ಕೊನೆಯ ಅರ್ಧ ಪುಟ.